ಗೇರ್ ಆಗಲೇ ಹಾಕ್ಬೇಕಿತ್ತು

"ಈಗಲ್ಲ ಮಾರಾಯ, ಗೇರ್ ಆಗಲೇ ಹಾಕ್ಬೇಕಿತ್ತು."

ಭಾನುವಾರ ಸಂಜೆ ಆಗುಂಬೆ ಘಾಟಿಯ ಏಳನೇ ತಿರುವಿನಲ್ಲಿ ಚಿಕ್ಕಪ್ಪ ಹೇಳಿದ ಮಾತಿದು. ಇವತ್ತು ಗುರುವಾರ. ಇನ್ನೂ ಕಿವಿಯಿಂದ ಹೋಗಿಲ್ಲ.

ಹೆಬ್ರಿಯಲ್ಲಿ ನೆಂಟರ ಮನೆ ಪೂಜೆ. ತೀರ್ಥಹಳ್ಳಿಯಿಂದ ಎರಡು ಕಾರಿನಲ್ಲಿ ಹೋಗಿದ್ದೆವು. ಒಂದು ನನ್ನ 1999ರ ಮಾರುತಿ 800. ಇನ್ನೊಂದು ಅಪ್ಪ ಬಿಟ್ಟುಹೋದ 1986ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಎಲ್ಲರಿಗೂ ಅದು ಫಿಯೆಟ್ಟೇ. ಘಾಟಿ ಇಳಿಯುವಾಗ ನಾನು 800 ಓಡಿಸಿದೆ, ಹತ್ತುವಾಗ ಫಿಯೆಟ್.

ಇಳಿಯುವುದರಲ್ಲಿ 800ಕ್ಕೆ ಸಾಟಿ ಇಲ್ಲ. ಸುಮಾರು 650 ಕೆಜಿಯ ಪುಟ್ಟ ಗಾಡಿ, ಮುಂದೆ ಡಿಸ್ಕ್ ಬ್ರೇಕ್. ಸ್ಟೇರಿಂಗ್ ಸ್ವಲ್ಪ ತಿರುಗಿಸಿದರೂ ಮೂತಿ ಆ ಕಡೆ ಹೊರಳುತ್ತದೆ. ನಾನು ತಡವಾಗಿ ಬ್ರೇಕ್ ಹಾಕಿದರೂ, ತಪ್ಪು ಗೇರಿನಲ್ಲಿ ನುಗ್ಗಿದರೂ ಹೇಗೋ ಸುಧಾರಿಸಿಕೊಳ್ಳುತ್ತದೆ.

ಫಿಯೆಟ್ ಹಾಗಲ್ಲ. 1089 ಸಿಸಿ ಎಂಜಿನ್, ಶಕ್ತಿ 40 ಎಚ್‌ಪಿ ಆಸುಪಾಸು. 796 ಸಿಸಿಯ 800ಕ್ಕಿಂತ ಶಕ್ತಿಯಲ್ಲಿ ಅಂಥ ವ್ಯತ್ಯಾಸ ಇಲ್ಲ. ಆದರೆ ತೂಕ ಹೆಚ್ಚುಕಮ್ಮಿ 250 ಕೆಜಿ ಜಾಸ್ತಿ. ಕಾರು ಖಾಲಿ ಇದ್ದರೂ ನಾಲ್ಕು ಜನ ಕೂತಷ್ಟು ಭಾರ.

ನಾನು ಅಭ್ಯಾಸಬಲದಿಂದ ತಿರುವಿನೊಳಗೆ ಹೋದ ಮೇಲೆ ಸ್ಟೇರಿಂಗ್ ಪಕ್ಕದ ಗೇರ್ ಕಡ್ಡಿ ಎಳೆದು ಮೂರರಿಂದ ಎರಡಕ್ಕೆ ಇಳಿಸಿದೆ. ಅಷ್ಟರಲ್ಲಿ ವೇಗ ಸತ್ತಿತ್ತು. ಇಡೀ ಗಾಡಿ ಗಡಗಡ ನಡುಗಿತು. ಒಂದನೇ ಗೇರಿಗೆ ತಳ್ಳಿದೆ. ಅದಕ್ಕೆ ಸಿಂಕ್ರೊಮೆಶ್ ಇಲ್ಲ, ಅಂದ್ರೆ ಗೇರ್ ಕೂರುವ ಮುಂಚೆ ವೇಗ ಹೊಂದಿಸಿಕೊಡುವ ಏರ್ಪಾಡು ಇಲ್ಲ, ಗಾಡಿ ಉರುಳುತ್ತಿರುವಾಗ ಸುಮ್ನೆ ಕೂರುವುದಿಲ್ಲ. ಕರ್ರ್ ಎಂದು ಕೂಗಿ ಎಂಜಿನ್ ನಿಂತೇಹೋಯಿತು. ಹಿಂದೆ ಮಿನಿ ಬಸ್ಸಿನ ಹಾರ್ನ್. ಹ್ಯಾಂಡ್ ಬ್ರೇಕ್ ಎಳೆದ ನನ್ನ ಕೈ ಒದ್ದೆಯಾಗಿತ್ತು. ಚಿಕ್ಕಪ್ಪ ಬೈಯಲಿಲ್ಲ. ಆ ಒಂದು ಮಾತು ಅಂದರು, ಅಷ್ಟೇ.

ಮುಂದಿನ ತಿರುವುಗಳಲ್ಲಿ ಮೊದಲೇ ಎರಡಕ್ಕೆ ಇಳಿಸಿದೆ. ಆಗ ಫಿಯೆಟ್ ಏನು ಅಂತ ಗೊತ್ತಾಯಿತು. ಏರಿನಲ್ಲಿ ಭಾರ ಹಿಂದಕ್ಕೆ ಬೀಳುತ್ತದೆ, ಎಂಜಿನ್ ತಿರುಗಿಸುವುದೂ ಹಿಂದಿನ ಚಕ್ರವನ್ನೇ. ಒದ್ದೆ ರಸ್ತೆಯಲ್ಲೂ ಯಾರೋ ಬೆನ್ನಿಗೆ ಕೈಕೊಟ್ಟು ತಳ್ಳಿದ ಹಾಗೆ ಹತ್ತಿತು. ಮುಂದೆ 800ರಲ್ಲಿದ್ದ ಚಿಕ್ಕಪ್ಪನ ಮಗ ಹನ್ನೊಂದನೇ ತಿರುವಿನಲ್ಲಿ ಆಕ್ಸಿಲರೇಟರ್ ಜೋರಾಗಿ ಒತ್ತಿದ. 800ರಲ್ಲಿ ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನು. ತಿರುವಿನ ಒಳಗಡೆಯ ಮುಂದಿನ ಚಕ್ರ ಕಿರ್ರೆಂದು ಸುಮ್ನೆ ಸುತ್ತಿತು. ಅವನಿಗೆ ಎಲ್ಲದಕ್ಕೂ ಅವಸರ, ಊಟಕ್ಕೂ ಕೂಡ.

ಅಪ್ಪನಿಗೆ ಅವಸರವೇ ಇರಲಿಲ್ಲ. ಬಸ್ಸಿಗೆ ಅರ್ಧ ಗಂಟೆ ಮೊದಲೇ ಹೋಗಿ ನಿಲ್ಲುತ್ತಿದ್ದರು. ಮಳೆಗಾಲದ ಸೌದೆ ಮಾರ್ಚ್‌ನಲ್ಲೇ ಕೊಟ್ಟಿಗೆ ಸೇರುತ್ತಿತ್ತು. ನಾವೆಲ್ಲ ಅದನ್ನು ಹೆದರಿಕೆ ಅಂದುಕೊಂಡು ನಗುತ್ತಿದ್ದೆವು. ಈ ಘಾಟಿಯಲ್ಲಿ ಅವರ ಪಕ್ಕ ಕೂತು ನಿದ್ದೆ ಮಾಡಿದ್ದೇನೆ. ಒಂದು ಸಲವೂ ಕುಲುಕಾಟಕ್ಕೆ ಎಚ್ಚರವಾದ ನೆನಪಿಲ್ಲ. ಹದಿನಾಲ್ಕು ತಿರುವಿಗೂ ಆ ಮನುಷ್ಯ ಮೊದಲೇ ಕೈ ಇಟ್ಟಿರುತ್ತಿದ್ದರು ಅಂತ ನನಗೆ ಈ ವಾರ ತಿಳಿಯಿತು.

ನಿನ್ನೆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿ ಕೇಳಿದೆ, "ಆಗಲೇ ಅಂದ್ರೆ ಎಲ್ಲಿ?"

"ತಿರುವಿಗೆ ಮುಂಚೆ ಎಡಗಡೆ ಒಂದು ಪಾಚಿ ಕಲ್ಲಿದೆ. ಅಣ್ಣ ಅದು ಕಂಡ ಕೂಡಲೇ ಹಾಕ್ತಿದ್ದ."

ಭಾನುವಾರ ಆ ಕಲ್ಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.