ಪಾರ್ಲೇ ಕ್ರಿಯಾಪದ: ಬರಹದಲ್ಲಿ ಐದು ರೂಪ, ಬಾಯಲ್ಲಿ ಮೂರು

‘ಮಾತಾಡು’ ಎಂಬರ್ಥದ ಫ್ರೆಂಚ್ ‘ಪಾರ್ಲೇ’ಯ ವರ್ತಮಾನಕಾಲದಲ್ಲಿ ಹೊಸಬರು ಹೆಚ್ಚಾಗಿ ಎಡವುವುದು ‘ಅವರು’ ರೂಪದಲ್ಲಿ. ಕೊನೆಗೆ ಇ-ಎನ್-ಟಿ ಕಂಡೊಡನೆ ‘ಪಾರ್ಲೆಂಟ್’ ಎಂದುಬಿಡುತ್ತಾರೆ. ಬಹುವಚನದ ಈ ಇ-ಎನ್-ಟಿಗೆ ಧ್ವನಿಯೇ ಇಲ್ಲ. ನಾನು, ನೀನು, ಅವನು, ಅವರು ನಾಲ್ಕಕ್ಕೂ ಒಂದೇ ‘ಪಾರ್ಲ್’, ಒಂದೇ ಉಚ್ಚಾರಾಂಶ. ‘ನಾವು’ ಬಂದರೆ ‘ಪಾರ್-ಲೊಂ’, ‘ನೀವು’ ಬಂದರೆ ‘ಪಾರ್-ಲೇ’.

ಆದ್ದರಿಂದ ಪದವನ್ನು ಉಚ್ಚಾರಾಂಶಗಳಾಗಿ ಒಡೆಯುವಾಗ ಅಕ್ಷರ ನೋಡಿ ತುಂಡು ಮಾಡಬೇಡಿ. ಕಿವಿಗೆ ಕೇಳುವ ಸ್ವರಗಳನ್ನು ಮೊದಲು ಎಣಿಸಿ. ಎಷ್ಟು ಸ್ವರವೋ ಅಷ್ಟೇ ಉಚ್ಚಾರಾಂಶ. ಎರಡು ಸ್ವರಗಳ ನಡುವೆ ಒಂದೇ ವ್ಯಂಜನವಿದ್ದರೆ ಅದು ಮುಂದಿನ ತುಂಡಿಗೆ ಹೋಗುತ್ತದೆ. ಎರಡಿದ್ದರೆ ಸಾಮಾನ್ಯವಾಗಿ ನಡುವೆ ಒಡೆಯುತ್ತದೆ. ಆದರೆ ‘ಪ್ಲ’, ‘ತ್ರ’ದಂಥ ಜೋಡಿಗಳು ಒಡೆಯುವುದಿಲ್ಲ.

ಕನ್ನಡದ ಬರವಣಿಗೆ ಇಲ್ಲಿ ದಾರಿ ತಪ್ಪಿಸುತ್ತದೆ. ‘ರ್ಲೊಂ’ ಅನ್ನು ನಾವು ಒಂದೇ ಅಕ್ಷರವಾಗಿ ಬರೆಯುತ್ತೇವೆ. ಫ್ರೆಂಚರ ಬಾಯಲ್ಲಿ ‘ರ್’ ಹಿಂದಿನ ತುಂಡಿಗೆ ಸೇರಿದ್ದು. ಇನ್ನೊಂದು, ಪದದ ಕೊನೆಗೆ ‘ಉ’ ಸೇರಿಸುವ ನಮ್ಮ ರೂಢಿ. ‘ಪಾರ್ಲು’ ಎಂದರೆ ಒಂದಿದ್ದದ್ದು ಎರಡಾಗುತ್ತದೆ. ‘ಲ್’ಗೆ ನಾಲಿಗೆ ತಾಗಿದಲ್ಲೇ ನಿಲ್ಲಿಸಿ. (ದಕ್ಷಿಣ ಫ್ರಾನ್ಸಿನಲ್ಲಿ ಕೊನೆಯ ‘ಇ’ (e) ಅಕ್ಷರ ಮಂದ ಸ್ವರವಾಗಿ ಮೆಲ್ಲಗೆ ಕೇಳಿಸುವುದುಂಟು, ಅದು ‘ಉ’ ಅಲ್ಲ.) ‘ಲೊಂ’ ಎನ್ನುವಾಗ ತುಟಿ ಮುಚ್ಚಿದರೆ ‘ಲೊಮ್’, ನಾಲಿಗೆ ಹಲ್ಲಿನತ್ತ ಹೋದರೆ ‘ಲೊನ್’. ಎರಡೂ ತಪ್ಪು. ಉಸಿರಷ್ಟೇ ಮೂಗಿನಿಂದಲೂ ಹರಿಯಬೇಕು.

‘ಪ್ರೀತಿಸು’ ಎಂಬರ್ಥದ ‘ಎಮೇ’ ಸ್ವರದಿಂದ ಶುರುವಾಗುವುದರಿಂದ ಹಿಂದಿನ ಸರ್ವನಾಮದ ವ್ಯಂಜನವನ್ನು ಎಳೆದುಕೊಳ್ಳುತ್ತದೆ. ‘ಅವನು ಪ್ರೀತಿಸುತ್ತಾನೆ’ ಎಂಬುದು ‘ಇ-ಲೆಮ್’. ‘ಅವರು ಪ್ರೀತಿಸುತ್ತಾರೆ’ ಎಂಬುದು ‘ಇಲ್-ಜ಼ೆಮ್’. ಆ ‘ಜ಼’ ಬಿಟ್ಟರೆ ಬಹುವಚನ ಕಿವಿಗೆ ಸಿಗುವುದೇ ಇಲ್ಲ. ‘ಪಾರ್ಲ್’ನಲ್ಲಿ ಆ ಸುಳಿವೂ ಇಲ್ಲ, ಸಂದರ್ಭವೇ ಹೇಳಬೇಕು.

ಭವಿಷ್ಯತ್ಕಾಲದಲ್ಲಿ ಪದದ ನಡುವೆ ಬರೆಯುವ ‘ಇ’ (e) ಅಕ್ಷರದ ಮಂದ ಸ್ವರ ಇನ್ನೂ ಸೂಕ್ಷ್ಮ. ‘ಎಮೇ’ಯ ‘ನಾವು’ ರೂಪದಲ್ಲಿ ಅದು ಬಿದ್ದುಹೋಗಿ ‘ಎಮ್-ರೊಂ’ ಎಂದು ಎರಡೇ ಉಳಿಯುತ್ತವೆ. ‘ಪಾರ್ಲೇ’ಯಲ್ಲಿ ಅದನ್ನು ಬೀಳಿಸಿದರೆ ರ್, ಲ್, ರ್ ಮೂರೂ ಒತ್ತೊತ್ತಾಗಿ ನಿಂತು ನಾಲಿಗೆ ತಡವರಿಸುತ್ತದೆ, ಹಾಗಾಗಿ ಆ ಮಂದ ಸ್ವರ ಉಳಿದು ‘ಪಾರ್-ಲ-ರೊಂ’ ಎಂದು ಮೂರಾಗುತ್ತದೆ. ಆ ನಡುವಿನ ‘ಲ’ವನ್ನು ತುಟಿ ಸ್ವಲ್ಪ ದುಂಡಗೆ ಮಾಡಿ, ಒತ್ತು ಕೊಡದೆ ಹೇಳಿ. ಒತ್ತು ‘ರೊಂ’ ಮೇಲಿರಲಿ.