ಮನೆಕೂಟ ಮಳೆಗಾಲ ದಾಟುವುದಿಲ್ಲ, ಯಾಕೆ?

ಮನೆಕೂಟ ಅಂದರೆ ಚರ್ಚಿನ ಸಭೆಯವರು ಒಬ್ಬರ ಮನೆಯಲ್ಲಿ ಸೇರಿ ವಾಕ್ಯ ಓದಿ, ಮಾತಾಡಿ, ಪ್ರಾರ್ಥಿಸುವ ಸಣ್ಣ ಕೂಟ. ಕೊಡಗಿನಲ್ಲಿ ಸಭೆಯ ಹಿರಿಯರು, ಯುವಜನ ಕೂಟದವರು, ಕೆಲವೊಮ್ಮೆ ಸಭಾಪಾಲಕರೇ ಅದರ ಬಗ್ಗೆ ಕೇಳುವ ಪ್ರಶ್ನೆ ಇದು: "ಈಸ್ಟರ್ ಮುಗಿದ ಮೇಲೆ ಮನೆಕೂಟ ಶುರು ಮಾಡ್ತೇವೆ. ಮೊದಲ ವಾರ ಇಪ್ಪತ್ತು ಜನ. ಜುಲೈ ಹೊತ್ತಿಗೆ ನಾಲ್ಕು. ಆಮೇಲೆ ಯಾರೂ ನಿಲ್ಲಿಸದೆ ತಾನಾಗಿ ನಿಂತುಹೋಗುತ್ತೆ. ಜನರಿಗೆ ಭಕ್ತಿ ಕಡಿಮೆಯಾಯ್ತಾ?"

ಭಕ್ತಿಯ ಲೆಕ್ಕ ನಮ್ಮದಲ್ಲ. ಆದರೆ ಪ್ರಶ್ನೆಯೊಳಗೇ ಎರಡು ತಪ್ಪು ಕೂತಿವೆ. ಒಂದು, ಶುರು ಮಾಡಿದ ತಿಂಗಳು. ಇನ್ನೊಂದು, ಆ ಇಪ್ಪತ್ತು ಜನ.

ತಿಂಗಳಿನ ವಿಚಾರ ಮೊದಲು. ಕೊಡಗಿನಲ್ಲಿ ಕ್ಯಾಲೆಂಡರನ್ನು ಬರೆಯುವುದು ಮಳೆ ಮತ್ತು ಕಾಫಿ. ಏಪ್ರಿಲ್‌ನಲ್ಲಿ ಶುರುವಾದ ಕೂಟಕ್ಕೆ ಸಿಗುವುದು ಏಳೆಂಟು ವಾರ. ಅಷ್ಟರಲ್ಲಿ ಮುಂಗಾರು ಹಿಡಿಯುತ್ತದೆ, ಜುಲೈ-ಆಗಸ್ಟಿನ ಕಕ್ಕಡ ಮಾಸದಲ್ಲಂತೂ ಪಕ್ಕದ ಮನೆಗೆ ಹೋಗುವುದೇ ಕಷ್ಟ. ನವೆಂಬರಿನಿಂದ ಅರೇಬಿಕಾ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ, ಮಾರ್ಚ್‌ವರೆಗೂ ಮೈತುಂಬ ಕೆಲಸ. ಹಾಗಾಗಿ ಹೊಸ ಕೂಟಕ್ಕೆ ಒಳ್ಳೆಯ ಹೊತ್ತು ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ. ಅಲ್ಲಿಂದ ಕುಯ್ಲು ಜೋರಾಗುವವರೆಗೆ ಸುಮಾರು ಹತ್ತು ವಾರ ಸಿಗುತ್ತವೆ. ವಾರಕ್ಕೊಮ್ಮೆ ಸೇರುವ ಅಭ್ಯಾಸ ಕೂರಲು ಅಷ್ಟು ಸಾಕು. ಕುಯ್ಲಿನಲ್ಲಿ ತಿಂಗಳಿಗೊಮ್ಮೆ ಸೇರಿ, ಏಪ್ರಿಲ್-ಮೇಯಲ್ಲಿ ಮತ್ತೆ ವಾರವಾರ. ಜೂನ್ ಮೊದಲ ವಾರ ಬಹಿರಂಗವಾಗಿಯೇ ರಜೆ ಹೇಳಿ, ಮತ್ತೆ ಸೇರುವ ತಾರೀಕನ್ನು ಅದೇ ದಿನ ಎಲ್ಲರಿಂದ ಬರೆಸಿ. ರಜೆ ಕೊಟ್ಟ ಕೂಟಕ್ಕೆ ಜನ ವಾಪಸ್ ಬರುತ್ತಾರೆ. ಸುಮ್ಮನೆ ಸೊರಗಿದ ಕೂಟಕ್ಕೆ ಬರಲು ನಾಚಿಕೆ ಪಡುತ್ತಾರೆ. ಮಳೆಯ ಮೂರು ತಿಂಗಳು ಮುಂದಾಳು ವಾರಕ್ಕೆ ಎರಡು ಮನೆಗೆ ಫೋನ್ ಮಾಡಿದರೆ ಕೊಂಡಿ ಕಳಚುವುದಿಲ್ಲ.

ಹೊತ್ತು ಕೂಡ ಅಷ್ಟೇ ಮುಖ್ಯ. ಪೇಟೆಯ ಸಭೆಗಳಲ್ಲಿ ಸಂಜೆ ಏಳಕ್ಕೆ ಕೂಟ ಇಡುತ್ತಾರೆಂದು ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆಯೂ ಹಾಗೇ ಇಟ್ಟರೆ, ಆನೆ ತಿರುಗುವ ತೋಟದ ದಾರಿಯಲ್ಲಿ ಕತ್ತಲೆಗೆ ಯಾರು ನಡೆದು ಬರಬೇಕು? ಭಾನುವಾರ ಆರಾಧನೆ ಮುಗಿದ ಕೂಡಲೇ ಅಂದರೆ ಸಿದ್ದಾಪುರ, ಗೋಣಿಕೊಪ್ಪದಲ್ಲಿ ಅಂದೇ ಸಂತೆ. ವಾರದ ಸಾಮಾನು ತರಲೇಬೇಕು. ಭಾನುವಾರ ನಾಲ್ಕಕ್ಕೆ ಸರಿಯಾಗಿ ಶುರು, ಐದೂಕಾಲಿಗೆ ಮುಗಿತಾಯ, ಆರರೊಳಗೆ ಎಲ್ಲರೂ ಮನೆಯಲ್ಲಿ. ತೋಟದ ಕಡೆ ಇದೇ ಸರಿಹೋಗುವುದು.

ಈಗ ಇಪ್ಪತ್ತು ಜನದ ಲೆಕ್ಕ. ಎಪ್ಪತ್ತೈದು ನಿಮಿಷದಲ್ಲಿ ಹಾಡು, ಆರಂಭದ ಪ್ರಾರ್ಥನೆಗೆ ಹತ್ತು, ವಾಕ್ಯ ಓದಲು ಹತ್ತು, ಕೊನೆಯ ಪ್ರಾರ್ಥನೆಗೆ ಹದಿನೈದು ತೆಗೆದರೆ ಮಾತಿಗೆ ಉಳಿಯುವುದು ನಲವತ್ತು. ಎಂಟು ಜನ ಇದ್ದರೆ ತಲೆಗೆ ಐದು ನಿಮಿಷ. ಇಪ್ಪತ್ತಾದರೆ ಎರಡು, ಅದೂ ಕಾಗದದ ಮೇಲೆ. ನಿಜದಲ್ಲಿ ಮೂವರು ಮಾತಾಡುತ್ತಾರೆ, ಹದಿನೇಳು ಜನ ಗೋಡೆ ಗಡಿಯಾರ ನೋಡುತ್ತಾರೆ. ಅವರೇ ಜುಲೈಯಲ್ಲಿ ಬಾರದವರು. ಮಳೆ ಒಂದು ನೆಪ. ಎಂಟರಿಂದ ಹನ್ನೆರಡು ಸರಿಯಾದ ಅಳತೆ. ತೋಟದ ಕಾರ್ಮಿಕರ ಲೈನ್ ಮನೆಯ ಮುಂದಿನ ಕೋಣೆ ಹಿಡಿಸುವುದೂ ಹೆಚ್ಚುಕಡಿಮೆ ಅಷ್ಟೇ. ಮೋಶೆಯ ಮಾವ ಅವನಿಗೆ ಕೊಟ್ಟ ಸಲಹೆಯಲ್ಲೂ (ವಿಮೋಚನಕಾಂಡ 18) ಸಾವಿರ, ನೂರು, ಐವತ್ತು ಎಂದು ಇಳಿದು ಕೊನೆಗೆ ನಿಲ್ಲುವುದು ಹತ್ತಕ್ಕೆ.

ಮುಂದಾಳು ಯಾರಾಗಬೇಕು ಎಂಬಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ತೋಟದ ಮೇಸ್ತ್ರಿಯೋ ಲೆಕ್ಕ ಬರೆಯುವ ರೈಟರೋ ತನ್ನ ಕೈಕೆಳಗಿನ ಆಳುಗಳ ಕೂಟ ನಡೆಸಬಾರದು. ಮನುಷ್ಯ ಎಷ್ಟೇ ಒಳ್ಳೆಯವನಾಗಿರಲಿ, ವಾರವಿಡೀ ಹಾಜರಿ ಹಾಕುವವನೇ ಭಾನುವಾರವೂ ಎದುರು ಕೂತರೆ ಅಲ್ಲೂ ಹಾಜರಿಯೇ ನಡೆಯುತ್ತದೆ. ಜನ ಬರುತ್ತಾರೆ, ಬಾಯಿ ಬಿಡುವುದಿಲ್ಲ. ಮಾಲೀಕರು ಬಂದರೆ ಸಂತೋಷ, ಆದರೆ ಅವರಿಗೆ ಕುರ್ಚಿ, ಉಳಿದವರಿಗೆ ಚಾಪೆ ಅಂತ ಆಗಕೂಡದು. ಎಲ್ಲರೂ ಚಾಪೆ, ಇಲ್ಲವೇ ಎಲ್ಲರೂ ಬೆಂಚು.

ಮುಂದಾಳುವಿಗೆ ಬೋಧನೆ ಬರಬೇಕಿಲ್ಲ, ಪ್ರಶ್ನೆ ಕೇಳಲು ಬರಬೇಕು. ಮಾರ್ಕನ ಸುವಾರ್ತೆ 4ನೇ ಅಧ್ಯಾಯದಲ್ಲಿ ದೋಣಿ ಬಿರುಗಾಳಿಗೆ ಸಿಕ್ಕುವ ಭಾಗ (35ರಿಂದ 41) ಓದಿದಿರಿ ಅನ್ನಿ. "ಯೇಸುಸ್ವಾಮಿ ಗಾಳಿಯನ್ನು ನಿಲ್ಲಿಸಿದರು, ಅಲ್ವಾ?" ಎಂದರೆ "ಹೌದು" ಎಂಬಲ್ಲಿಗೆ ಮುಗಿಯಿತು. "ಅವರನ್ನು ಎಬ್ಬಿಸುವಾಗ ಶಿಷ್ಯರು ಏನಂದರು? ಅದು ಪ್ರಾರ್ಥನೆಯೋ, ದೂರೋ?" ಎಂದು ಕೇಳಿ. ಉತ್ತರ ಹೇಳಲು ಪುಸ್ತಕಕ್ಕೆ ಬಗ್ಗಲೇಬೇಕು, ಅಭಿಪ್ರಾಯವೂ ಎರಡಾಗುತ್ತದೆ. ಕೇಳಿದ ಮೇಲೆ ಮನಸ್ಸಿನಲ್ಲೇ ಇಪ್ಪತ್ತು ಎಣಿಸಿ. ಹೆಚ್ಚಿನ ಮುಂದಾಳುಗಳು ಐದಕ್ಕೇ ಸೋತು ತಾವೇ ಉತ್ತರ ಕೊಟ್ಟುಬಿಡುತ್ತಾರೆ. ನಾಲ್ಕು ವಾರ ಹೀಗಾದರೆ ಜನ ಕಾಯುವುದನ್ನು ಕಲಿಯುತ್ತಾರೆ, ಯೋಚಿಸುವುದನ್ನಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರು ಕೂಟದಲ್ಲಿದ್ದರೆ ಈ ಭಾಗ ಅವರಿಗೆ ಬರೀ ಕಥೆಯಲ್ಲ. ಅವರ ಹೆಸರು ಹಿಡಿದು "ನೀವು ಹೇಳಿ" ಅನ್ನಬೇಡಿ.

ಕಥೋಲಿಕ ಧರ್ಮಕೇಂದ್ರಗಳ ಕಿರು ಕ್ರೈಸ್ತ ಸಮುದಾಯಗಳಲ್ಲಿ ದಕ್ಷಿಣ ಆಫ್ರಿಕಾದ ಲುಮ್ಕೊ ಸಂಸ್ಥೆಯಿಂದ ಬಂದ ಏಳು ಹೆಜ್ಜೆಯ ಕ್ರಮವಿದೆ: ಪ್ರಭುವನ್ನು ಆಹ್ವಾನಿಸುವುದು, ಓದುವುದು, ಮನಸ್ಸಿಗೆ ತಟ್ಟಿದ ಪದವನ್ನು ಹೆಕ್ಕಿ ನಡುನಡುವೆ ಮೌನ ಬಿಟ್ಟು ಗಟ್ಟಿಯಾಗಿ ಹೇಳುವುದು, ಮೌನ, ಹಂಚಿಕೊಳ್ಳುವುದು, ನಮ್ಮಿಂದಾಗಬೇಕಾದ ಕೆಲಸ ಯಾವುದೆಂದು ನೋಡುವುದು, ಪ್ರಾರ್ಥನೆ. ಪ್ರೊಟೆಸ್ಟಂಟ್ ಕೂಟಗಳೂ ಇದನ್ನು ಧಾರಾಳವಾಗಿ ಎರವಲು ಪಡೆಯಬಹುದು. ಎಡವುವುದು ಎರಡು ಕಡೆ. ನಾಲ್ಕನೆಯದರಲ್ಲಿ ಮೌನ ಸಹಿಸಲಾಗದೆ ಯಾರೋ ಹಾಡು ಎತ್ತುತ್ತಾರೆ. ಆರನೆಯದನ್ನು ಹೊತ್ತಾಯಿತೆಂದು ಹಾರಿಸುತ್ತಾರೆ. ಆಸ್ಪತ್ರೆಯಿಂದ ಬಂದ ಬಾಣಂತಿಯ ಮನೆಗೆ ಈ ವಾರ ನೀರು ಹೊತ್ತು ಕೊಡುವವರು ಯಾರು ಎಂದು ತೀರ್ಮಾನವಾಗುವುದು ಆ ಆರನೆಯ ಹೆಜ್ಜೆಯಲ್ಲೇ.

ಸರದಿಯಲ್ಲಿ ಒಬ್ಬೊಬ್ಬರೂ ಒಂದು ವಚನ ಓದುವ ರೂಢಿ ಬಿಡಿ. ಓದಲು ಬಾರದವರು ತಮ್ಮ ಸರದಿ ಬರುವ ಮುಂಚೆ ಎದ್ದು ಅಡುಗೆಮನೆಗೆ ಹೋಗುತ್ತಾರೆ, ಮುಂದಿನ ವಾರ ಬರುವುದೇ ಇಲ್ಲ. ಚೆನ್ನಾಗಿ ಓದುವ ಒಬ್ಬರು ಎರಡು ಸಲ ನಿಧಾನವಾಗಿ ಓದಲಿ. ಭಾಷೆಯ ವಿಚಾರವೂ ಇದೆ. ಕೊಡಗಿನ ಕ್ರೈಸ್ತರು ಎಂದೂ ಒಂದೇ ಭಾಷೆಯವರಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚು 1792ರಲ್ಲಿ ಕೊಂಕಣಿಗರಿಂದ ಶುರುವಾದದ್ದು. ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ 1850ರ ದಶಕದಲ್ಲಿ ಬಂದಾಗ ಕನ್ನಡ ಸಭೆ ಬೆಳೆಯಿತು. ತೋಟಗಳ ಜೊತೆ ತಮಿಳು, ಮಲಯಾಳ ಬಂದವು. ಕೂಟ ಕನ್ನಡದಲ್ಲಿ ನಡೆದರೂ ಎರಡನೇ ಓದು ತಮಿಳಿನಲ್ಲೋ ಮಲಯಾಳದಲ್ಲೋ ಇರಲಿ, ಪ್ರಾರ್ಥನೆ ಅವರವರ ಮನೆಮಾತಿನಲ್ಲಿರಲಿ. ದೇವರಿಗಂತೂ ಅನುವಾದ ಬೇಡ.

ತಿಂಡಿ ಸಣ್ಣ ವಿಷಯ ಎಂದುಕೊಳ್ಳಬೇಡಿ. ಮೊದಲ ಮನೆಯವರು ಪ್ರೀತಿಯಿಂದ ಕಡಂಬಿಟ್ಟು, ಪಂದಿಕರಿ ಮಾಡಿ ಬಡಿಸಿದರೆ ಎರಡನೇ ಮನೆಯವರು ಕೋಳಿಯಾದರೂ ಮಾಡಬೇಕು. ಐದನೇ ಮನೆಯವರು "ಈ ತಿಂಗಳು ನಮ್ಮಲ್ಲಿ ಬೇಡ" ಅನ್ನುತ್ತಾರೆ. ಬೆಲ್ಲದ ಕಾಫಿ, ಒಂದು ಬಿಸ್ಕತ್ತು ಎಂದು ಮೊದಲ ದಿನವೇ ಕಟ್ಟು ಮಾಡಿ. ಉಳ್ಳವರ ಮನೆಗೂ ಅದೇ ಕಟ್ಟು.

ಹಣ ಕೂಟದಲ್ಲಿ ನಿಲ್ಲಬಾರದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥೊಡಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದ ಸಣ್ಣ ಗುಂಪುಗಳು ಹುಟ್ಟಿದ್ದೇ ಕಟ್ಟಡದ ಸಾಲ ತೀರಿಸಲು ವಾರಕ್ಕೊಂದು ಪೆನ್ನಿ ಎತ್ತುವುದಕ್ಕೆ. ಹನ್ನೆರಡು ಜನರಿಗೆ ಒಬ್ಬನಂತೆ ಮನೆಮನೆಗೆ ಹೋದಾಗ ಅವರ ಕಷ್ಟಸುಖ ಕಂಡು, ಅದು ಆತ್ಮಿಕ ಆರೈಕೆಯ ಗುಂಪಾಯಿತು. ನಮ್ಮಲ್ಲಿ ಆಗುವುದು ಹೆಚ್ಚಾಗಿ ಇದರ ಉಲ್ಟಾ: ಆರೈಕೆಗೆಂದು ಸೇರಿದ ಕೂಟದಲ್ಲಿ ಚೀಟಿ, ಕೈಸಾಲ ಶುರುವಾಗಿ, ಸಾಲ ಕೊಟ್ಟವರೂ ತೆಗೆದುಕೊಂಡವರೂ ಒಂದೇ ಚಾಪೆಯಲ್ಲಿ ಕೂರಲಾರದಂತಾಗುತ್ತದೆ. ಕಾಣಿಕೆ ಎತ್ತಿದರೆ ಇಬ್ಬರು ಎಣಿಸಿ, ಮುಂದಿನ ಭಾನುವಾರ ಖಜಾಂಚಿಗೆ ಕೊಟ್ಟು ರಸೀದಿ ಪಡೆಯಲಿ.

ವಾಟ್ಸಾಪ್ ಗುಂಪಿನಲ್ಲಿ ಹೊತ್ತು, ಮನೆ, ಓದುವ ಭಾಗ ಇಷ್ಟೇ ಇರಲಿ. "ಇಂಥವರ ಮಗ ಕುಡಿಯುತ್ತಾನೆ, ಪ್ರಾರ್ಥಿಸಿ" ಎಂಬ ಸಂದೇಶ ಸಂಜೆಯೊಳಗೆ ಇಡೀ ಊರಿಗೆ ತಲುಪುತ್ತದೆ. ಪ್ರಾರ್ಥನೆ ವಿಷಯವನ್ನು ಸಂಬಂಧಪಟ್ಟವರೇ, ಬಾಯಲ್ಲಿ, ಕೂಟದಲ್ಲೇ ಹೇಳಬೇಕು.

ಇದನ್ನು ಓದುವಾಗಲೇ ಜುಲೈ ಬಂದು ನಾಲ್ಕು ಜನ ಉಳಿದಿದ್ದರೆ, ಬಿಟ್ಟುಹೋದ ಹದಿನಾರು ಜನರನ್ನು ಈಗ ಕರೆಯಲು ಹೋಗಬೇಡಿ. ಆ ನಾಲ್ವರಲ್ಲಿ ಹತ್ತಿರದ ಮನೆ ಯಾರದ್ದೋ ಅಲ್ಲಿ ಹದಿನೈದು ದಿನಕ್ಕೊಮ್ಮೆ ಮೂರು ಗಂಟೆಗೆ ಸೇರಿ, ಸರದಿಯಂತೆ ಒಬ್ಬೊಬ್ಬರು ಪ್ರಶ್ನೆ ತಯಾರಿಸಿ ತನ್ನಿ. ಸೆಪ್ಟೆಂಬರಿನ ಹೊತ್ತಿಗೆ ನಾಲ್ವರಿಗೂ ಕೂಟ ನಡೆಸಲು ಬಂದಿರುತ್ತದೆ. ಆಗ ಇಬ್ಬಿಬ್ಬರಂತೆ ಎರಡು ಕಡೆ ಶುರು ಮಾಡಿ, ಹತ್ತಿರದ ಮನೆಗಳನ್ನು ನೋಡಿಕೊಂಡು ಆ ಹದಿನಾರು ಜನರನ್ನು ಎಂಟೆಂಟಾಗಿ ಕರೆಯಿರಿ.