ಅರ್ಧ ಕರಿ, ಅರ್ಧ ಬಿಳಿ

ಉದ್ಯಮಬಾಗ, ಬೆಳಗಾವಿ
17 ಜುಲೈ 2025, ಗುರುವಾರ

ಬಲಗಡೆಯ ಹೊಸ ಫೌಂಡೇಶನ್, ಅಂದರೆ ಗಾಡಿಯ ಇಂಜಿನ್ ಹೊತ್ತು ಅದರ ನಡುಕ ಹೀರುವ ರಬ್ಬರ್ ದಿಂಬು, ಕೂತಿತ್ತು; ಮೂರು ನಟ್ಟಿನಲ್ಲಿ ಎರಡು ಬಿಗಿಯಾಗಿದ್ದವು. ಮೂರನೆಯದು, ಬೇಕಾದಷ್ಟು ಬಿಗಿಯಾದೊಡನೆ ‘ಕಟ್’ ಅನ್ನುವ ಟಾರ್ಕ್ ಪಾನಾ ಸದ್ದು ಮಾಡುವ ಮೊದಲೇ ಮೆತ್ತಗಾಯಿತು. ಬಿಗಿ ಏರುತ್ತ ಏರುತ್ತ ಒಮ್ಮೆಲೇ ಕೈ ಹಗುರಾದರೆ ಎರಡೇ ಅರ್ಥ: ಥ್ರೆಡ್ ಕಿತ್ತಿದೆ, ಇಲ್ಲವೇ ಸ್ಟಡ್, ಅಂದರೆ ನಟ್ಟು ಕೂರುವ ತಲೆಯಿಲ್ಲದ ಬೋಲ್ಟು, ಮುರಿದಿದೆ. ನಟ್ಟು ಬಿಚ್ಚಿದರೆ ಅದರ ಹೊಟ್ಟೆಯಲ್ಲೇ ಸ್ಟಡ್ಡಿನ ಮೇಲಿನ ತುಂಡೂ ಬಂತು. ಉಳಿದದ್ದು ಅಲ್ಯುಮಿನಿಯಂ ಬ್ರಾಕೆಟ್ಟಿನ ಒಳಗೆ, ಮುಖದಿಂದ ಎರಡು ಮಿಲಿಮೀಟರ್ ಕೆಳಗೆ.

“ಕಾಕಾ, ಈಜಿ-ಔಟ್ ತರ್ಲೇನ್ರಿ? ಐದ್ ಮಿನಿಟ್ನ್ಯಾಗ ತಗದಬಿಡ್ತೀನಿ.” ಈಜಿ-ಔಟ್ ಅಂದರೆ ಮುರಿದ ತುಂಡಿಗೆ ತೂತು ಕೊರೆದು, ಅದರೊಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ.

“ಬ್ಯಾಡ. ಮೊದಲ ಆ ತುಂಡ ತಾ. ಬ್ಯಾಟರಿ ಹಚ್ಚಿ ನೋಡು, ಮುರದ ಮಾರಿ ಹ್ಯಾಂಗೈತಿ?”

“ಅರ್ಧ ಕರಿ ಐತ್ರಿ. ಅರ್ಧ ಬಿಳಿ.”

“ಕರೀದು ಎಂದ ಮುರದೈತಿ, ಬಿಳೀದು ಎಂದ ಮುರದೈತಿ?”

ಹುಡುಗ ಸುಮ್ಮನಾದ. ಪ್ರಶ್ನೆ ಅವನಿಗೆ ಅರ್ಥವಾದಂತಿತ್ತು.

ಕಪ್ಪಾಗಿ, ನುಣ್ಣಗೆ, ಅಂಚಿಗೆ ತುಕ್ಕು ಹಿಡಿದ ಭಾಗ ಹಳೆಯ ಬಿರುಕು. ಬಿಳಿಯಾಗಿ ಸಕ್ಕರೆಯಂತೆ ಹರಳುಹರಳಾಗಿರುವುದಷ್ಟೇ ಇವತ್ತಿನದು. ಅಂದರೆ ಸ್ಟಡ್ ಎಷ್ಟೋ ದಿನದಿಂದ ಅರ್ಧ ಮೈಯಲ್ಲೇ ಇಂಜಿನ್ ಹೊತ್ತಿತ್ತು. ಹೀಗಾಗುವುದು ನಟ್ಟು ಸಡಿಲಿದ್ದಾಗ. ಸರಿಯಾಗಿ ಬಿಗಿದ ಸ್ಟಡ್ ಸದಾ ಎಳೆದುಕೊಂಡೇ ಇರುತ್ತದೆ, ಇಂಜಿನ್ ಎಷ್ಟು ಅಲುಗಿದರೂ ಆ ಎಳೆತ ಹೆಚ್ಚೇನೂ ಏರಿಳಿಯುವುದಿಲ್ಲ. ಸಡಿಲಾದರೆ ಬ್ರಾಕೆಟ್ ಅತ್ತಿತ್ತ ಜಾರುತ್ತದೆ, ಒಂದೊಂದು ಅಲುಗಾಟಕ್ಕೂ ಸ್ಟಡ್ ಬಾಗಿ ನೆಟ್ಟಗಾಗುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಮಾಡಿ ಮುರಿಯುವ ಲೆಕ್ಕವೇ ಇದು. ಮುರಿಯುವ ಜಾಗವೂ ಹೆಚ್ಚಾಗಿ ಇದೇ, ಥ್ರೆಡ್ ಕಚ್ಚಲು ಶುರುವಾಗುವ ಮೊದಲ ಸುತ್ತು. ಒಟ್ಟು ಭಾರದ ಮೂರರಲ್ಲೊಂದು ಪಾಲು ಆ ಒಂದು ಸುತ್ತಿನ ಮೇಲೇ ಬೀಳುತ್ತದೆ.

ಹಳೆಯ ಫೌಂಡೇಶನ್ನಿನೊಳಗಿನ ದ್ರವ ಸೋರಿ ಕೆಳಗೆಲ್ಲ ಕರೀ ಕಲೆ ಬಿದ್ದಿತ್ತು. ರಬ್ಬರ್ ಕುಸಿದ ಮೇಲೂ ಗಾಡಿ ಚೋರ್ಲಾ ಘಾಟ್ ಹತ್ತಿ ಇಳಿದಿದೆ.

ಮುಖವೆಲ್ಲ ಹೊಸದಾಗಿ, ತಿರುಚಿದಂತೆ ಇದ್ದಿದ್ದರೆ ತಪ್ಪು ಇವತ್ತಿನ ಕೈಯದು ಅನ್ನಬಹುದಿತ್ತು. ಇಂಪ್ಯಾಕ್ಟ್ ಗನ್ ಹೊಡೆದದ್ದು, ಥ್ರೆಡ್ಡಿಗೆ ಎಣ್ಣೆ ಸವರಿ ಒಣ ಥ್ರೆಡ್ಡಿನ ಟಾರ್ಕನ್ನೇ ಕೊಟ್ಟದ್ದು, ಇಲ್ಲ ಇಂಜಿನ್ ಜೋತುಬಿದ್ದಿರುವಾಗ ತೂತು ಸೇರದೆ ನಟ್ಟಿನಿಂದಲೇ ಎಳೆದು ಕೂರಿಸಿದ್ದು. ಕೊನೆಯದನ್ನು ಬಹಳ ಜನ ಮಾಡುತ್ತಾರೆ. ನಟ್ಟು ಬಿಗಿಯುವುದಕ್ಕಿದೆ, ಇಂಜಿನ್ ಎತ್ತುವುದಕ್ಕಲ್ಲ. ಚೇಂಬರ್, ಅಂದರೆ ಇಂಜಿನ್ ತಳದ ಎಣ್ಣೆ ತೊಟ್ಟಿ, ಅದರ ಕೆಳಗೆ ಅಗಲವಾದ ಹಲಗೆ ಇಟ್ಟು ಜಾಕ್ ಒಂದೆರಡು ಮಿಲಿಮೀಟರ್ ಏರಿಸಿ ಇಳಿಸಿದರೆ ತೂತು ತಾನೇ ಎದುರಾಗುತ್ತದೆ, ನಟ್ಟು ಬೆರಳಲ್ಲೇ ಕೊನೆತನಕ ಹೋಗುತ್ತದೆ. ಬೆರಳಲ್ಲಿ ಹೋಗದಿದ್ದರೆ ಪಾನಾ ಮುಟ್ಟಬಾರದು.

ಇನ್ನು ಈಜಿ-ಔಟ್. ಅದು ಶಂಕುವಿನ ಆಕಾರದ್ದು. ತೂತಿನೊಳಗೆ ಬಿಗಿದಷ್ಟೂ ತುಂಡನ್ನು ಹೊರಮುಖವಾಗಿ ಅಗಲಿಸುತ್ತದೆ, ಮೊದಲೇ ಕಚ್ಚಿಕೊಂಡ ತುಂಡು ಇನ್ನಷ್ಟು ಕಚ್ಚುತ್ತದೆ. ಸಡಿಲವಾಗಿ ಕೂತ ತುಂಡಿಗೆ ಮಾತ್ರ ಅದು ಒಳ್ಳೆಯದು. ಮಳೆ ತಿಂದ ಉಕ್ಕು ಅಲ್ಯುಮಿನಿಯಂ ಒಳಗೆ ಬಿಳಿ ಪುಡಿ ಕಟ್ಟಿ ಸಿಮೆಂಟ್ ಹಾಕಿದಂತೆ ಕೂತಿರುತ್ತದೆ, ಅಲ್ಲಿ ಈಜಿ-ಔಟೇ ಮುರಿಯುತ್ತದೆ. ಅದರ ಉಕ್ಕು ಎಷ್ಟು ಗಟ್ಟಿಯೆಂದರೆ ಸಾದಾ ಎಚ್‌ಎಸ್‌ಎಸ್ ಡ್ರಿಲ್ ಮೇಲೆ ಜಾರುತ್ತದೆ. ಆಮೇಲೆ ಕರೆಂಟಿನ ಕಿಡಿಯಿಂದ ಲೋಹ ಕೊರೆಯುವ ಸ್ಪಾರ್ಕ್ ಮಶೀನಿಗೆ ಹೊತ್ತುಕೊಂಡು ಹೋಗಬೇಕು. ಉದ್ಯಮಬಾಗದಲ್ಲಿ ಕೂತವರಿಗೆ ಅದೇನು ದೂರದ ಮಾತಲ್ಲ, ಆದರೂ ಐದು ಮಿನಿಟಿನ ಕೆಲಸಕ್ಕೆ ಎರಡು ದಿನ ಹೋಗುತ್ತದೆ.

ಈ ಗಾಡಿಯಲ್ಲಿ ಬ್ರಾಕೆಟ್ ನಾಲ್ಕು ಬೋಲ್ಟಿಗೆ ಪೂರ್ತಿ ಹೊರಗೆ ಬರುತ್ತದೆ. ಜಾಕ್ ಹೇಗೂ ಇಂಜಿನ್ ಹಿಡಿದಿತ್ತು, ಬಿಚ್ಚಿಸಿದೆ. ಗಾಡಿಯೊಳಗೆ ಅಡ್ಡ ಕೈ ಹಾಕಿ ಡ್ರಿಲ್ ಹಿಡಿಯುವುದಕ್ಕೂ ಬ್ರಾಕೆಟ್ಟನ್ನು ವೈಸಿನಲ್ಲಿ ಕಚ್ಚಿಸಿ ಮಾಡುವುದಕ್ಕೂ ಅಜಗಜಾಂತರ. ಬಿಚ್ಚಲಾಗದ ಗಾಡಿಯಾದರೆ ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು, ಅರ್ಥ್ ಕ್ಲಾಂಪನ್ನು ಆ ಬ್ರಾಕೆಟ್ಟಿಗೇ ಹಚ್ಚಬೇಕು, ಪೆಟ್ರೋಲ್ ಪೈಪಿಗೂ ವೈರಿಂಗಿಗೂ ಒದ್ದೆ ಗೋಣಿಚೀಲ ಹೊದಿಸಬೇಕು, ಹೊಸ ರಬ್ಬರನ್ನು ದೂರ ಇಡಬೇಕು.

ತುಂಡಿನ ನಟ್ಟನಡುವೆ ಮಿಗ್ ವೆಲ್ಡಿಂಗಿನಿಂದ ಚುಕ್ಕೆಚುಕ್ಕೆ ಏರಿಸುತ್ತ ಬಂದೆವು. ಕರಗಿದ ಉಕ್ಕು ಅಲ್ಯುಮಿನಿಯಂಗೆ ಬೆಸೆಯುವುದಿಲ್ಲ, ಅದೇ ಇಲ್ಲಿನ ಅನುಕೂಲ. ಆದರೆ ಕಿಡಿ ಗೋಡೆಗೆ ತಾಗಿದರೆ ಅಲ್ಯುಮಿನಿಯಂ ಕರಗಿ ಥ್ರೆಡ್ ಹೋಗುತ್ತದೆ, 660 ಡಿಗ್ರಿ ಸಾಕು ಅದಕ್ಕೆ. ಚುಕ್ಕೆ ಮುಖದಿಂದ ಮೇಲೆದ್ದ ಮೇಲೆ ಒಂದು ವಾಷರ್, ಅದರ ಮೇಲೆ ನಟ್ಟು, ನಟ್ಟಿನ ಹೊಟ್ಟೆ ತುಂಬ ವೆಲ್ಡಿಂಗ್. ಆಮೇಲೆ ಕಾಯಬೇಕು. ನೀರು ಸುರಿಯಬಾರದು, ವೆಲ್ಡಿಂಗ್ ಗಡುಸಾಗಿ ಟಣ್ಣನೆ ಮುರಿಯುತ್ತದೆ. ಕೆಂಪು ಹೋಗಿ, ಬೆರಳು ಇಡುವಷ್ಟು ತಣ್ಣಗಾಗಬೇಕು. ಕಾದ ತುಂಡು ಹಿಗ್ಗಿ ತುಕ್ಕನ್ನು ಒಡೆಯುತ್ತದೆ, ಆರುವಾಗ ಕುಗ್ಗಿ ಗೋಡೆ ಬಿಡುತ್ತದೆ. ಬೆಚ್ಚಗಿರುವಾಗಲೇ ಅಂಚಿಗೆ ಮೇಣದಬತ್ತಿ ಮುಟ್ಟಿಸಿದರೆ ಮೇಣ ತಾನೇ ಒಳಗೆ ಇಳಿಯುತ್ತದೆ.

ಮೊದಲ ಸಲ ನಟ್ಟು ಕಿತ್ತು ಬಂತು. ಹುಡುಗನ ಮಾರಿ ಇಳಿಯಿತು. ಕಿತ್ತು ಬಂದರೂ ನಷ್ಟವಿಲ್ಲ, ಒಂದೊಂದು ಸಲ ಕಾಸಿದಾಗಲೂ ತುಂಡು ಇನ್ನಷ್ಟು ಸಡಿಲಾಗುತ್ತದೆ. ಎರಡನೆಯ ಸಲಕ್ಕೆ ಮೊದಲು ಬಿಗಿಯುವ ಕಡೆಗೇ ಕೂದಲೆಳೆಯಷ್ಟು ತಿರುಗಿಸಲು ಹೇಳಿದೆ, ಆಮೇಲೆ ಬಿಚ್ಚುವ ಕಡೆಗೆ, ಮತ್ತೆ ಬಿಗಿಗೆ. ಕಿರ್ ಅಂದಿತು. ಬಂತು.

ಬರದಿದ್ದರೆ ಡ್ರಿಲ್ಲೇ ಗತಿ. ಮುರಿದ ಮುಖ ಏರುಪೇರಾಗಿರುವುದರಿಂದ ಪಂಚ್ ನಡುವೆ ಕೂರುವುದಿಲ್ಲ. ಲೇಥಿನವನ ಹತ್ತಿರ ಸ್ಟಡ್ಡಿನ ತೂತಿಗೆ ಕೂರುವಂಥ, ನಡುವೆ 3 ಎಂಎಂ ತೂತಿರುವ ಬುಶ್ ಮಾಡಿಸಬೇಕು. 3, ಆಮೇಲೆ 5, ಆಮೇಲೆ 6.5, ಸಿಕ್ಕರೆ ಎಡಕ್ಕೆ ತಿರುಗುವ ಡ್ರಿಲ್, ಎಷ್ಟೋ ಸಲ ಅದೇ ತುಂಡನ್ನು ಎತ್ತಿ ತರುತ್ತದೆ. 8 ದಾಟುವ ಹೊತ್ತಿಗೆ ಉಳಿಯುವುದು ತೆಳು ಚಿಪ್ಪು, ಅದನ್ನು ಸೂಜಿಯಲ್ಲಿ ಒಳಗೆ ಮಡಚಿ ಎಳೆಯಬಹುದು. ಡ್ರಿಲ್ ಯಾವಾಗಲೂ ಮೆತ್ತಗಿನ ಅಲ್ಯುಮಿನಿಯಂ ಕಡೆಗೇ ವಾಲುತ್ತದೆ. ಪುಡಿಗೆ ಮ್ಯಾಗ್ನೆಟ್ ಹಿಡಿಯಿರಿ. ಹತ್ತದ ಪುಡಿ ಬರತೊಡಗಿತೋ, ಅಲ್ಲೇ ನಿಲ್ಲಿಸಿ. ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ, ಹಾಕಬಹುದು, ಅದರದೇ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಬೇಕು, ಎಂ10ಕ್ಕೆ, ಅಂದರೆ 10 ಎಂಎಂ ದಪ್ಪದ ಸ್ಟಡ್ಡಿಗೆ, 15 ಎಂಎಂ ಉದ್ದದ್ದು ಇರಲಿ, ಮುಖದಿಂದ ಅರ್ಧ ಸುತ್ತು ಕೆಳಗೆ ನಿಲ್ಲಲಿ.

ನಮ್ಮ ಥ್ರೆಡ್ ಉಳಿದಿತ್ತು. ಸೀಮೆಎಣ್ಣೆ ಹಚ್ಚಿ ಟ್ಯಾಪ್ ಕೈಯಿಂದಲೇ ಹಾಯಿಸಿ, ಗಾಳಿ ಹೊಡೆದು ಸ್ವಚ್ಛ ಮಾಡಿದ್ದಾಯಿತು.

“ಒಂದ ಸ್ಟಡ್ ತರ್ಲಿ?”

“ಮೂರೂ ತಾ. ಇದರ ಸಂಗಾಟ ಅವೂ ಅಲಗ್ಯಾಡ್ಯಾವ.”

“ಅವು ಬಿಗಿ ಅದಾವಲ್ರಿ ಕಾಕಾ.”

ಬಿಗಿ ಇವೆ, ನಿಜ. ಮುರಿದದ್ದೂ ಇವತ್ತು ಮಧ್ಯಾಹ್ನದ ತನಕ ಬಿಗಿ ಇದ್ದಂತೆಯೇ ಕಾಣುತ್ತಿತ್ತು.

ಪೇಟೆಗೆ ಹೋಗುವ ಮುಂಚೆ ಥ್ರೆಡ್ಡಿನ ಸುತ್ತಿನಿಂದ ಸುತ್ತಿಗೆ ಎಷ್ಟು ಅಂತರ ಅಂತ ಅಳೆಯುವ ಪಿಚ್ ಗೇಜ್ ಹಚ್ಚಿ ತೋರಿಸಿದೆ: 1.25 ಎಂಎಂ. ಅಂಗಡಿಯಲ್ಲಿ ಎಂ10 ಅಂದರೆ 1.5 ಕೊಟ್ಟುಬಿಡುತ್ತಾರೆ, ಅದು ಎರಡು ಸುತ್ತು ಹೋಗಿ ನಿಲ್ಲುತ್ತದೆ, ಅಲ್ಲಿಂದ ಜೋರು ಮಾಡಿದರೆ ಬ್ರಾಕೆಟ್ಟೇ ಹೋಯಿತು. ಉದ್ದ ರಾಡ್ ಕತ್ತರಿಸಿ ಕೊಡುವುದೂ ಬೇಡ, ಅದು ಬಹುತೇಕ 4.6 ದರ್ಜೆಯದು, ಅಂಕಿ ಹೆಚ್ಚಿದಷ್ಟೂ ಉಕ್ಕು ಗಟ್ಟಿ. ಇಲ್ಲಿ 8.8ಕ್ಕೆ ಕಡಿಮೆ ನಡೆಯದು. ಹಾಕುವಾಗ ಎರಡು ನಟ್ಟು ಒಂದಕ್ಕೊಂದು ಲಾಕ್ ಮಾಡಿ ಸ್ಟಡ್ ಇಳಿಸಬೇಕು, ಒಳಗೆ 15 ಎಂಎಂ ಆದರೂ ಕಚ್ಚಿರಬೇಕು, ತಳಕ್ಕೆ ಮುಟ್ಟಿದ ಮೇಲೆ ಹಿಂಡಬಾರದು. ಒಳಗಿನ ತುದಿಗೆ ಎರಡು ಹನಿ ನೀಲಿ ಲಾಕ್ (ಥ್ರೆಡ್ ಸಡಿಲಾಗದಂತೆ ಹಿಡಿಯುವ ಅಂಟು), ಮೇಲಿನ ಥ್ರೆಡ್ ಒಣದು. ಟಾರ್ಕ್ ಗಾಡಿಯ ಮ್ಯಾನ್ಯುಯಲ್‌ನಲ್ಲಿದ್ದಷ್ಟೇ. 8.8 ದರ್ಜೆಯ ಎಂ10ಕ್ಕೆ ಸಾಮಾನ್ಯವಾಗಿ 45ರಿಂದ 50 ನ್ಯೂಟನ್ ಮೀಟರ್, ‘ಇನ್ನೊಂದ್ ಚೂರು’ ಅನ್ನುವ ಚಟ ಬಿಡಬೇಕು. ಎಲ್ಲ ನಟ್ಟು ಬೆರಳಿಗೆ ತಂದು, ಜಾಕ್ ಇಳಿಸಿ, ಇಂಜಿನ್ ತನ್ನ ಭಾರಕ್ಕೆ ತಾನೇ ಕೂತ ಮೇಲೆ ಬಿಗಿ. ಇಂಜಿನ್ ಹಿಂದೆ ಮುಂದೆ ವಾಲದಂತೆ ಹಿಡಿಯುವ ಕೆಳಗಿನ ಟಾರ್ಕ್ ರಾಡ್ ಎಲ್ಲಕ್ಕೂ ಕೊನೆಗೆ.

ಕರೆಂಟ್ ಹೋಗಿದೆ. ಮಳೆ ಶೀಟಿನ ಮೇಲೆ ಒಂದೇ ಸಮ. ಹುಡುಗ ಇನ್ನೂ ಬಂದಿಲ್ಲ, 1.25 ಸಿಕ್ಕಿತೋ ಇಲ್ಲವೋ.

ಎಡಗಡೆಯ ಫೌಂಡೇಶನ್ ಬಿಚ್ಚಿ ನೋಡೇ ಇಲ್ಲ. ಬಲಗಡೆ ಅಷ್ಟು ದಿನ ಸಡಿಲಿತ್ತು ಅಂದಮೇಲೆ ಆ ಹೊಡೆತವೆಲ್ಲ ಗೇರ್‌ಬಾಕ್ಸ್ ಕಡೆಯ ಸ್ಟಡ್ಡಿಗೇ...